ಬಿದ್ದ ಪೆಟ್ಟು ಒಂದು, ಆದ ಗಾಯ ಎರಡು

ಹತ್ತನೇ ತರಗತಿಯ ಮಕ್ಕಳು ಕೇಳುವ ಪ್ರಶ್ನೆಗಳಲ್ಲಿ ಎರಡು ಬಗೆ. ಒಂದು, 'ಇದು ಪರೀಕ್ಷೆಗೆ ಬರುತ್ತಾ ಸಾರ್?' ಎಂಬ ಬಗೆಯದು. ಇನ್ನೊಂದು, ಮನೆಯಿಂದ ಹೊತ್ತು ತಂದದ್ದು. ಮೊದಲನೆಯದಕ್ಕೆ ಉತ್ತರ ಸುಲಭ. ಎರಡನೆಯದು ಮೇಷ್ಟ್ರನ್ನೇ ಪರೀಕ್ಷೆಗೆ ಕೂರಿಸುತ್ತದೆ.

ಎರಡು ವರ್ಷದ ಹಿಂದೆ ರಕ್ತಪರಿಚಲನೆಯ ಪಾಠ ಮುಗಿಸಿ ಕೈಯ ಚಾಕ್‌ಪುಡಿ ಕೊಡವಿಕೊಳ್ಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. 'ಸಾರ್, ತಲೆಗೆ ಪೆಟ್ಟು ಬಿದ್ದ ದಿನ ಚೆನ್ನಾಗಿ ಮಾತಾಡ್ತಿದ್ದೋರು ಮೂರನೇ ದಿನ ಯಾಕೆ ಮಂಕಾಗ್ತಾರೆ?' ಎಂದ. ತರಗತಿ ಸ್ತಬ್ಧವಾಯಿತು. ಅವನು ಯಾರ ವಿಷಯ ಕೇಳುತ್ತಿದ್ದಾನೆ ಎಂದು ಎಲ್ಲರಿಗೂ ಗೊತ್ತಿತ್ತು. ನನಗಂತೂ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಅವನ ತಂದೆ ಕೊನೆಗಾರರು. ನಮ್ಮ ಕಡೆಯ ಅಡಕೆ ತೋಟಗಳಲ್ಲಿ ಮರ ಹತ್ತಿ ಕೊನೆ ಇಳಿಸುವವರು. ಅಂದು ಮರದಿಂದ ಇಳಿಯುವಾಗ ಇನ್ನೇನು ಹತ್ತು ಹನ್ನೆರಡು ಅಡಿ ಇದೆ ಎನ್ನುವಲ್ಲಿ ಕಾಲು ಜಾರಿತು. ಬಸಿಗಾಲುವೆಯ ಅಂಚಿನ ಕಲ್ಲಿಗೆ ಹಿಂದಲೆ ತಾಗಿತು. ಒಂದೆರಡು ನಿಮಿಷ ಎಚ್ಚರವಿರಲಿಲ್ಲ. ಆಮೇಲೆ ತಾವೇ ಎದ್ದು ಕುಳಿತು ನೀರು ಕೇಳಿದರು. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, 'ಮಿದುಳಿನ ಮುಂಭಾಗದಲ್ಲಿ ಸಣ್ಣದೊಂದು ಜಜ್ಜುಗಾಯವಿದೆ, ನಾಲ್ಕು ದಿನ ಇಲ್ಲೇ ಇರಲಿ' ಎಂದರು. ಮರುದಿನ ಅವರು ಎದ್ದು ಕುಳಿತು ಇಡ್ಲಿ ತಿಂದರು. ಕೊಯ್ಲಿನ ಕಾಲ, ಕೆಲಸ ಹಾಳಾಗುತ್ತದೆ, ಮನೆಗೆ ಹೋಗೋಣ ಎಂದು ಹಟ ಹಿಡಿದರು. ಆ ತಾಯಿ ನನಗೆ ಫೋನ್ ಮಾಡಿ, 'ಏನು ಮಾಡೋಣ ಮೇಷ್ಟ್ರೇ?' ಎಂದು ಕೇಳಿದರು.

'ಮಾತಾಡ್ತಿದ್ದಾರೆ, ತಿಂಡಿ ತಿಂದಿದ್ದಾರೆ ಅಂದ್ಮೇಲೆ ಭಯ ಇಲ್ಲಮ್ಮ, ಕರ್ಕೊಂಡು ಬನ್ನಿ' ಎಂದೆ. ವಿಜ್ಞಾನದ ಮೇಷ್ಟ್ರು ಹೇಳಿದ ಮೇಲೆ ಮುಗಿಯಿತಲ್ಲ. ಡಾಕ್ಟರು ಬೇಡವೆಂದರೂ ಸಹಿ ಹಾಕಿ ಕರೆತಂದರು.

ಮೂರನೇ ದಿನ ಸಂಜೆ ಅವರು ಮಗನ ಹೆಸರಿಗೆ ತಡವರಿಸಿದರು. ಎರಡು ಬಾರಿ ವಾಂತಿಯಾಯಿತು. ರಾತ್ರಿ ಊಟಕ್ಕೆ ಎಬ್ಬಿಸಿದರೆ ಏಳಲಿಲ್ಲ. ಮತ್ತೆ ಆಂಬುಲೆನ್ಸು, ಮತ್ತೆ ಆಸ್ಪತ್ರೆ. 'ಒಳಗೆ ಊತ ಬಂದಿದೆ' ಎಂದು ತಲೆಬುರುಡೆಯ ಒಂದು ಭಾಗವನ್ನೇ ತೆಗೆದು ಶಸ್ತ್ರಚಿಕಿತ್ಸೆ ಮಾಡಿದರು. ಜೀವ ಉಳಿಯಿತು.

'ಒಳಗೆ ಊತ ಬಂದಿತ್ತಂತಲ್ಲಪ್ಪ' ಎಂದೆ ಹುಡುಗನಿಗೆ. 'ಕಾಲು ಉಳುಕಿದರೂ ಊತ ಬರುತ್ತಲ್ಲ ಸಾರ್? ಅದು ತಾನಾಗೇ ಇಳಿಯುತ್ತೆ. ಅದಕ್ಕೆ ಯಾರೂ ಮೂಳೆ ತೆಗೆಯಲ್ಲ' ಎಂದ. ನನ್ನ ಬಳಿ ಉತ್ತರವಿರಲಿಲ್ಲ. 'ಮುಂದಿನ ವಾರ ಹೇಳ್ತೀನಿ' ಎಂದೆ. ಪುಸ್ತಕ ಹುಡುಕಿದೆ, ಪರಿಚಯದ ವೈದ್ಯರನ್ನು ಕೇಳಿದೆ, ನನ್ನ ಬಿಎಸ್ಸಿ ಎಷ್ಟು ಹಳೆಯದು ಎಂಬುದು ಗೊತ್ತಾಯಿತು. ಆ ವಾರ ತರಗತಿಯಲ್ಲಿ ಹೇಳಿದ್ದನ್ನೇ ಇಲ್ಲಿ ಇನ್ನಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಓದುಗರು ಮೊದಲು ಒಂದು ಸಣ್ಣ ಪ್ರಯೋಗ ಮಾಡಬೇಕು. ಶಾಯಿ ಪೆನ್ನು ಇದ್ದರೆ ಈ ಪುರವಣಿಯ ಅಂಚಿನ ಬಿಳಿ ಜಾಗದಲ್ಲಿ ಒಂದು ತೊಟ್ಟು ಶಾಯಿ ಬಿಡಿ. ಅದು ಸುತ್ತಲೂ ಹರಡಿ ಹೂವಾಗುತ್ತದೆ. ಅದೇ ತೊಟ್ಟನ್ನು ಒಳ್ಳೆಯ ನೋಟ್‌ಪುಸ್ತಕದ ಹಾಳೆಯ ಮೇಲೆ ಬಿಡಿ. ಗುಂಡಗೆ ನಿಂತು ಅಲ್ಲೇ ಒಣಗುತ್ತದೆ. ಎರಡೂ ಕಾಗದವೇ, ಎರಡರಲ್ಲೂ ಇರುವುದು ಮರದ ನಾರೇ. ವ್ಯತ್ಯಾಸವೇನು?

ನಾನಿರುವುದು ಭದ್ರಾವತಿಯ ಕಾಗದನಗರದಲ್ಲಿ. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯಿಂದಲೇ ಈ ಬಡಾವಣೆಗೆ ಹೆಸರು ಬಂದದ್ದು. ಕಾರ್ಖಾನೆಯ ಯಂತ್ರಗಳು ನಿಂತು ವರ್ಷಗಳೇ ಆಗಿವೆ. ಆದರೆ ಅಲ್ಲಿ ದುಡಿದ ಯಾರನ್ನು ಕೇಳಿದರೂ ಈ ಪ್ರಶ್ನೆಗೆ ಉತ್ತರ ಹೇಳುತ್ತಾರೆ. ಬರೆಯುವ ಕಾಗದಕ್ಕೆ 'ಸೈಜಿಂಗ್' ಮಾಡಿರುತ್ತಾರೆ. ಅಂದರೆ ನೀರು ಸುಲಭವಾಗಿ ಒಳಹೋಗದಂತೆ ನಾರಿಗೆ ರಾಳ, ಪಟಿಕ ಮುಂತಾದವನ್ನು ಸೇರಿಸಿರುತ್ತಾರೆ. ಪತ್ರಿಕೆಯ ಕಾಗದಕ್ಕೆ ಸಾಮಾನ್ಯವಾಗಿ ಆ ಉಪಚಾರವಿಲ್ಲ. ಬ್ಲಾಟಿಂಗ್ ಪೇಪರಿಗಂತೂ ಇಲ್ಲವೇ ಇಲ್ಲ.

ನಮ್ಮ ಮೈಯ ಹೆಚ್ಚಿನ ಭಾಗ ಪತ್ರಿಕೆಯ ಕಾಗದದಂತೆ. ರಕ್ತನಾಳದಿಂದ ನೀರು, ಲವಣ, ಸಣ್ಣಪುಟ್ಟ ವಸ್ತುಗಳು ಸುತ್ತಲಿನ ಅಂಗಾಂಶಕ್ಕೆ ಒಸರುತ್ತಲೇ ಇರುತ್ತವೆ. ಮಿದುಳು ಮಾತ್ರ ಸೈಜಿಂಗ್ ಮಾಡಿದ ಕಾಗದ.

ಇದರ ಮೊದಲ ಸುಳಿವು ಸಿಕ್ಕಿದ್ದೂ ಬಣ್ಣದಿಂದಲೇ. 1885ರಲ್ಲಿ ಜರ್ಮನಿಯ ಪೌಲ್ ಎರ್ಲಿಕ್ ಪ್ರಾಣಿಗಳ ರಕ್ತಕ್ಕೆ ಬಣ್ಣಗಳನ್ನು ಸೇರಿಸಿ ನೋಡಿದರು. ಯಕೃತ್ತು, ಮೂತ್ರಪಿಂಡ, ಸ್ನಾಯು ಎಲ್ಲಕ್ಕೂ ಬಣ್ಣ ಹತ್ತಿತು, ಮಿದುಳಿಗೆ ಹತ್ತಲಿಲ್ಲ. ಮಿದುಳಿಗೆ ಬಣ್ಣ ಹೀರುವ ಗುಣವೇ ಇಲ್ಲವೆಂದು ಅವರು ಭಾವಿಸಿದರು. ಮುಂದೆ 1908ರಲ್ಲಿ ನೊಬೆಲ್ ಪಡೆದ ಮೇಧಾವಿ ಅವರು, ಆದರೂ ಈ ಒಂದು ವಿಷಯದಲ್ಲಿ ಎಡವಿದರು. ಅವರ ಶಿಷ್ಯ ಎಡ್ವಿನ್ ಗೋಲ್ಡ್‌ಮನ್ 1913ರಲ್ಲಿ ಅದನ್ನು ತಿರುಗಿಸಿ ನೋಡಿದರು. ಬಣ್ಣವನ್ನು ರಕ್ತಕ್ಕೆ ಹಾಕದೆ, ಮಿದುಳು ತೇಲುವ ದ್ರವಕ್ಕೇ ಹಾಕಿದರು. ಈಗ ಮಿದುಳು ನೀಲಿಯಾಯಿತು, ಉಳಿದ ಅಂಗಗಳು ಹಾಗೇ ಇದ್ದವು. ಅಂದರೆ ಮಿದುಳಿಗೆ ಬಣ್ಣ ಹತ್ತುತ್ತದೆ, ಆದರೆ ರಕ್ತಕ್ಕೂ ಮಿದುಳಿಗೂ ನಡುವೆ ಏನೋ ಒಂದು ತಡೆ ಇದೆ. ಇದಕ್ಕೇ ರಕ್ತ-ಮಿದುಳು ತಡೆಗೋಡೆ ಎನ್ನುತ್ತಾರೆ.

ಗೋಡೆ ಎಲ್ಲಿದೆ ಎಂಬುದು ಖಚಿತವಾಗಲು ಇನ್ನೂ ಅರ್ಧ ಶತಮಾನ ಬೇಕಾಯಿತು. 1967ರಲ್ಲಿ ಅಮೆರಿಕದ ರೀಸ್ ಮತ್ತು ಕಾರ್ನೋವ್‌ಸ್ಕಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದನ್ನು ಕಂಡರು. ಮಿದುಳಿನ ಸುತ್ತ ಕೋಟೆಯಂತೆ ಕಟ್ಟಿದ ಗೋಡೆ ಅದಲ್ಲ. ಮಿದುಳಿನ ಒಳಗೆ ಹರಿಯುವ ಒಂದೊಂದು ಕೂದಲೆಳೆ ರಕ್ತನಾಳದ ಒಳಮೈಯೇ ಆ ಗೋಡೆ. ಬೇರೆ ಕಡೆಯ ಲೋಮನಾಳಗಳ ಕೋಶಗಳ ನಡುವೆ ಸಂದುಗಳಿರುತ್ತವೆ. ಮಿದುಳಿನಲ್ಲಿ ಮಾತ್ರ ಪಕ್ಕಪಕ್ಕದ ಕೋಶಗಳನ್ನು ವಿಶೇಷ ಪ್ರೋಟೀನುಗಳು ಹೊಲಿಗೆ ಹಾಕಿದಂತೆ ಬಿಗಿದಿರುತ್ತವೆ. ಹೊರಗಿನಿಂದ ನಕ್ಷತ್ರದ ಆಕಾರದ ಇನ್ನೊಂದು ಬಗೆಯ ಕೋಶಗಳು ತಮ್ಮ ಪಾದಗಳನ್ನು ನಾಳದ ಮೇಲೆ ಊರಿ ಆ ಹೊಲಿಗೆ ಸಡಿಲವಾಗದಂತೆ ನೋಡಿಕೊಳ್ಳುತ್ತವೆ. ಒಬ್ಬರ ಮಿದುಳಿನ ಲೋಮನಾಳಗಳನ್ನೆಲ್ಲ ಬಿಡಿಸಿ ಉದ್ದಕ್ಕೆ ಜೋಡಿಸಿದರೆ ಸುಮಾರು 600 ಕಿಲೋಮೀಟರ್ ಆದೀತೆಂದು ಅಂದಾಜಿದೆ. ಭದ್ರಾವತಿಯಿಂದ ಬೆಂಗಳೂರಿಗೆ ಹೋಗಿ ಬಂದರೂ ಇನ್ನೂ ಒಂದಿಷ್ಟು ಮಿಗುತ್ತದೆ. ಅಷ್ಟುದ್ದಕ್ಕೂ ಹೊಲಿಗೆ.

ಇಷ್ಟೊಂದು ಕಾವಲು ಏಕೆ? ಮಿದುಳಿನ ನರಕೋಶಗಳು ವಿದ್ಯುತ್ ಸಂಕೇತಗಳಲ್ಲಿ ಮಾತಾಡುತ್ತವೆ. ಆ ಸಂಕೇತಕ್ಕೆ ಸುತ್ತಲಿನ ಸೋಡಿಯಂ, ಪೊಟ್ಯಾಸಿಯಂ ಪ್ರಮಾಣ ಕರಾರುವಾಕ್ಕಾಗಿ ಇರಬೇಕು. ನಾವು ಉಂಡದ್ದು, ಓಡಿದ್ದು, ಬೆವರಿದ್ದು ಎಲ್ಲಕ್ಕೂ ರಕ್ತದ ಹದ ಬದಲಾಗುತ್ತದೆ. ಉಪ್ಪಿನಕಾಯಿ ಹೆಚ್ಚು ತಿಂದೆವೆಂದು ಲೆಕ್ಕ ತಪ್ಪುವಂತಾದರೆ ಬದುಕುವುದು ಹೇಗೆ?

ಹಾಗೆಂದು ಗೋಡೆಗೆ ಬಾಗಿಲಿಲ್ಲವೆಂದಲ್ಲ. ಗ್ಲೂಕೋಸಿಗೊಂದು ಬಾಗಿಲು, ಅಮೈನೋ ಆಮ್ಲಗಳಿಗೊಂದು ಬಾಗಿಲು. ಮಲೆನಾಡಿನ ಬೇಲಿಯಲ್ಲಿ ಬೆಳೆಯುವ, ಮುಟ್ಟಿದರೆ ಮೈಯೆಲ್ಲ ತುರಿಸುವ ನಸುಗುನ್ನಿ ಕಾಯಿ ನಿಮಗೆ ಗೊತ್ತು. ಅದರ ಬೀಜದಲ್ಲಿ ಎಲ್-ಡೋಪಾ ಎಂಬ ವಸ್ತುವಿದೆ ಎಂದು ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಭಾರತೀಯ ವಿಜ್ಞಾನಿಗಳು 1937ರಲ್ಲಿ ತೋರಿಸಿದರು. ಕೈನಡುಕದ ಪಾರ್ಕಿನ್ಸನ್ ರೋಗಿಗಳಿಗೆ ಮಿದುಳಿನಲ್ಲಿ ಡೋಪಮೈನ್ ಕಡಿಮೆ. ಡೋಪಮೈನನ್ನೇ ಕೊಟ್ಟರೆ ಗೋಡೆ ದಾಟುವುದಿಲ್ಲ. ಎಲ್-ಡೋಪಾ ಕೊಟ್ಟರೆ ಅಮೈನೋ ಆಮ್ಲಗಳ ಬಾಗಿಲಿನಿಂದ ಒಳಹೋಗಿ ಅಲ್ಲಿ ಡೋಪಮೈನ್ ಆಗುತ್ತದೆ. ಇನ್ನು ಕೊಬ್ಬಿನಲ್ಲಿ ಕರಗುವ ಸಣ್ಣ ಅಣುಗಳಿಗೆ ಬಾಗಿಲೇ ಬೇಡ, ಗೋಡೆಯ ಮೂಲಕವೇ ನುಸುಳುತ್ತವೆ. ಹೆಂಡದ ಅಮಲು ಅಷ್ಟು ಬೇಗ ತಲೆಗೇರುವುದು ಅದಕ್ಕೇ. ಹಳೆಯ ಬಗೆಯ ನೆಗಡಿ ಮಾತ್ರೆ ನುಂಗಿದರೆ ತೂಕಡಿಕೆ ಬರುವುದೂ ಅದು ಗೋಡೆ ದಾಟುವುದರಿಂದ.

ಈಗ ಕೊನೆಗಾರರ ತಲೆಗೆ ಬರೋಣ.

ಕಳೆದ ವರ್ಷ ಬೆಂಗಳೂರಿನ ನಿಮ್ಹಾನ್ಸ್‌ನ ಮಿದುಳು ವಸ್ತುಸಂಗ್ರಹಾಲಯವನ್ನು ನೋಡಿ ಬಂದೆ. ನಿಮ್ಹಾನ್ಸ್ ಈ ಹೆಸರಿನಲ್ಲಿ ಆರಂಭವಾದದ್ದು 1974ರಲ್ಲಿ. ಡಾ. ಎಸ್.ಕೆ. ಶಂಕರ್ ಅವರು ದಶಕಗಳ ಕಾಲ ಕೂಡಿಸಿದ ಮಿದುಳುಗಳನ್ನು ಅಲ್ಲಿ ಜಾಡಿಗಳಲ್ಲಿ ಇಟ್ಟಿದ್ದಾರೆ. ಪೆಟ್ಟು ತಿಂದವು, ರಕ್ತಸ್ರಾವವಾದವು, ಗಂಟು ಬೆಳೆದವು, ಎಲ್ಲ ಇವೆ. ಜಾಡಿಯ ಮಿದುಳು ರಾಸಾಯನಿಕದಲ್ಲಿ ನೆನೆದು ರಬ್ಬರಿನಂತೆ ಗಟ್ಟಿಯಾಗಿರುತ್ತದೆ. ಜೀವಂತ ಮಿದುಳು ಹಾಗಲ್ಲ. ಹದವಾಗಿ ಬೆಂದ ಗಿಣ್ಣಿನಷ್ಟು ಮೆದು. ತೂಕ ಸುಮಾರು 1.4 ಕಿಲೋ, ಮೈತೂಕದ ಶೇಕಡ 2ರಷ್ಟು. ಆದರೆ ಮೈಗೆ ಸಿಗುವ ಆಮ್ಲಜನಕದ ಐದನೇ ಒಂದು ಪಾಲು ಅದಕ್ಕೇ ಬೇಕು.

ಮುಚ್ಚಿದ ಡಬ್ಬಿಯಲ್ಲಿ ಗಿಣ್ಣು ಹಾಕಿ ಆ ಡಬ್ಬಿಯನ್ನು ಕಲ್ಲಿಗೆ ಕುಕ್ಕಿದರೆ ಏನಾಗುತ್ತದೆ? ಡಬ್ಬಿ ನಿಂತರೂ ಒಳಗಿನದು ಚಲಿಸುತ್ತದೆ. ಹಿಂದಲೆಗೆ ಪೆಟ್ಟು ಬಿದ್ದರೂ ಅವರ ಮಿದುಳಿನ ಮುಂಭಾಗ ಜಜ್ಜಿಹೋಗಿತ್ತು ಎಂದೆನಲ್ಲ, ಕಾರಣ ಇದೇ. ಬುರುಡೆಯ ಒಳಗೆ ಮುಂಭಾಗದ ತಳ ಏರುತಗ್ಗಿನ ಮೂಳೆ. ಮೆದುವಾದ ಮಿದುಳು ಅದರ ಮೇಲೆ ಉಜ್ಜಿಕೊಳ್ಳುತ್ತದೆ. ಆ ಕ್ಷಣದಲ್ಲೇ ಕೆಲವು ನರತಂತುಗಳು ತುಂಡಾಗುತ್ತವೆ, ಕೆಲವು ನಾಳಗಳು ಹರಿಯುತ್ತವೆ. ಇದು ಮೊದಲನೇ ಗಾಯ. ಸೆಕೆಂಡುಗಳಲ್ಲಿ ಮುಗಿದುಹೋಗುವ ಈ ಗಾಯವನ್ನು ಯಾವ ವೈದ್ಯರೂ ಹಿಂದಕ್ಕೆ ತಿರುಗಿಸಲಾರರು.

ಎರಡನೇ ಗಾಯ ಆಗ ಶುರುವಾಗುತ್ತದೆ.

ನಾವು ಶಾಲೆಯಲ್ಲಿ ಶಾಯಿ ಪೆನ್ನಿನಲ್ಲಿ ಬರೆಯುತ್ತಿದ್ದ ಕಾಲದಲ್ಲಿ, ತಪ್ಪಾದರೆ ಬ್ಲೇಡಿನಿಂದ ಕೆರೆದು ಅದೇ ಜಾಗದಲ್ಲಿ ಮತ್ತೆ ಬರೆಯುತ್ತಿದ್ದೆವು. ಆಗ ಏನಾಗುತ್ತಿತ್ತು ನೆನಪಿದೆಯೆ? ಕೆರೆದ ಜಾಗದಲ್ಲಿ ಮಾತ್ರ ಶಾಯಿ ಹರಡಿ ಅಕ್ಷರ ಕಲೆಯಾಗುತ್ತಿತ್ತು. ಕಾಗದ ಹರಿದಿರುತ್ತಿರಲಿಲ್ಲ, ಮೇಲಿನ ಸೈಜಿಂಗ್ ಹೋಗಿರುತ್ತಿತ್ತು ಅಷ್ಟೆ. ಪೆಟ್ಟು ತಿಂದ ಮಿದುಳಿನ ಆ ಭಾಗವೂ ಹಾಗೆಯೇ, ಒಮ್ಮೆಗೇ ಬ್ಲಾಟಿಂಗ್ ಪೇಪರ್ ಆಗಿಬಿಡುತ್ತದೆ.

ಇದು ಹೇಗೆ ಆಗುತ್ತದೆ ಎಂಬುದರಲ್ಲಿ ಹಂತಗಳಿವೆ. ಹರಿದ ನಾಳದಿಂದ ರಕ್ತ ಸುರಿಯುವುದು ಮೊದಲ ಹಂತ. ಗಾಯಗೊಂಡ ನರಕೋಶಗಳು ತಮ್ಮೊಳಗಿನ ಗ್ಲುಟಮೇಟ್ ಎಂಬ ವಸ್ತುವನ್ನು ಹೊರಚೆಲ್ಲುತ್ತವೆ, ಅದು ನೆರೆಯ ಆರೋಗ್ಯವಂತ ಕೋಶಗಳನ್ನೂ ಕೆಡಿಸುತ್ತದೆ. ಗಾಯ ರಿಪೇರಿ ಮಾಡಲೆಂದು ದೇಹ ಬಿಳಿರಕ್ತಕಣಗಳನ್ನು ಕರೆಸುತ್ತದೆ. ಅವು ಬರಬೇಕಾದರೆ ದಾರಿ ಬೇಕು. ದಾರಿ ಮಾಡಲು ಪ್ರೋಟೀನುಗಳನ್ನು ಕತ್ತರಿಸುವ ಕಿಣ್ವಗಳು ಬಿಡುಗಡೆಯಾಗುತ್ತವೆ. ಕತ್ತರಿಗೆ ಸಿಗುವುದು ಯಾವುದು? ಅದೇ ಹೊಲಿಗೆ. ಕೈಗೆ ಮುಳ್ಳು ಚುಚ್ಚಿದಾಗ ನಮ್ಮನ್ನು ಕಾಪಾಡುವ ಕ್ರಮವೇ ಮಿದುಳಿನಲ್ಲಿ ಮನೆಗೆ ಮಾರಿಯಾಗುತ್ತದೆ. ಪೆಟ್ಟಿನಲ್ಲಿ ಹರಿಯದೆ ಉಳಿದಿದ್ದ ನಾಳಗಳೂ ಈಗ ಸೋರತೊಡಗುತ್ತವೆ.

ಇಲಿಗಳ ಮೇಲಿನ ಹಲವು ಪ್ರಯೋಗಗಳಲ್ಲಿ ಈ ಸೋರಿಕೆ ಎರಡು ಅಲೆಗಳಲ್ಲಿ ಕಂಡಿದೆ. ಮೊದಲನೆಯದು ಕೆಲವೇ ಗಂಟೆಗಳಲ್ಲಿ. ಅದು ತುಸು ಇಳಿದು, ಎರಡನೆಯದು ಮೂರನೇ ದಿನದ ಸುಮಾರಿಗೆ. ಮನುಷ್ಯರಲ್ಲಿ ಲೆಕ್ಕ ಇಷ್ಟು ಚೊಕ್ಕವಾಗಿ ಬರುವುದಿಲ್ಲ. ಆದರೂ ಜಜ್ಜುಗಾಯದ ಸುತ್ತಲಿನ ಊತ ಮೊದಲ ಕೆಲವು ದಿನ ಬೆಳೆಯುತ್ತಲೇ ಹೋಗುವುದನ್ನು ವೈದ್ಯರು ಸ್ಕ್ಯಾನ್‌ಗಳಲ್ಲಿ ಮತ್ತೆ ಮತ್ತೆ ನೋಡಿದ್ದಾರೆ. 'ನಾಲ್ಕು ದಿನ ಇಲ್ಲೇ ಇರಲಿ' ಎಂದ ಆ ಡಾಕ್ಟರ ಮಾತಿನ ಹಿಂದೆ ಇದ್ದದ್ದು ಈ ತಿಳಿವಳಿಕೆ. ನಾನು ಅದನ್ನು ಆಸ್ಪತ್ರೆಯ ಬಿಲ್ಲಿನ ಲೆಕ್ಕ ಎಂದುಕೊಂಡಿದ್ದೆ.

ಇನ್ನು ಊತದ ವಿಷಯ. ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಇದೆ. ನೀರನ್ನು ತನ್ನ ಕಡೆ ಎಳೆದುಕೊಳ್ಳುವುದು ಅದರ ಗುಣ. ಗೋಡೆ ಗಟ್ಟಿಯಿರುವವರೆಗೆ ಅದು ನಾಳದೊಳಗೆ ಇದ್ದು ನೀರನ್ನು ಅಲ್ಲೇ ಹಿಡಿದಿಡುತ್ತದೆ. ಗೋಡೆ ಬಿರುಕು ಬಿಟ್ಟರೆ ತಾನೂ ಹೊರಬಂದು ನೀರನ್ನೂ ಮಿದುಳಿನೊಳಕ್ಕೆ ಎಳೆಯುತ್ತದೆ. ಹೀಗೆ ಸೋರಿದ ನೀರಿನ ಊತ ಒಂದು ಬಗೆ, ಗಾಯಗೊಂಡ ಕೋಶಗಳೇ ನೀರು ಕುಡಿದು ಉಬ್ಬುವುದು ಇನ್ನೊಂದು ಬಗೆ. ಈ ಎರಡನ್ನು ಮೊದಲು ಬೇರ್ಪಡಿಸಿ ಹೆಸರಿಟ್ಟವರು ಇಗೋರ್ ಕ್ಲಾಟ್ಸೋ. ಅದೂ 1967ರಲ್ಲಿಯೇ. ತಲೆಗೆ ಪೆಟ್ಟಾದಾಗ ಎರಡೂ ಬೆರೆತಿರುತ್ತವೆ.

ಕಾಲು ಊದಿದರೆ ಚರ್ಮ ಹಿಗ್ಗುತ್ತದೆ. ಬುರುಡೆ ಹಿಗ್ಗುವುದಿಲ್ಲ. ಅದೊಂದು ಮುಚ್ಚಿದ ಪೆಟ್ಟಿಗೆ. ಒಳಗೆ ಮೂರೇ ವಸ್ತು: ಮಿದುಳು, ರಕ್ತ, ಮಿದುಳು ತೇಲುವ ದ್ರವ. ಒಂದು ಹೆಚ್ಚಾದರೆ ಇನ್ನೊಂದು ಜಾಗ ಬಿಡಲೇಬೇಕು ಎಂಬ ತತ್ವವನ್ನು ಸ್ಕಾಟ್ಲೆಂಡಿನ ಮನ್ರೋ 1783ರಲ್ಲಿ ಹೇಳಿದರು, ಕೆಲ್ಲಿ 1824ರಲ್ಲಿ ಬೆಂಬಲಿಸಿದರು. ನಮ್ಮ ತುಂಬಿದ ಬಸ್ಸುಗಳನ್ನು ನೆನೆಯಿರಿ. ಒಬ್ಬರು ಹತ್ತಿದರೆ ಉಳಿದವರು 'ಸ್ವಲ್ಪ ಸರೀರಿ' ಎಂದು ಸರಿಯುತ್ತಾರೆ. ಇನ್ನೊಬ್ಬರು, ಮತ್ತೊಬ್ಬರು. ಒಂದು ಹಂತದವರೆಗೆ ಬಸ್ಸು ನಡೆದೇ ನಡೆಯುತ್ತದೆ. ಆಮೇಲೆ ಒಂದು ಮಗು ಹತ್ತಿದರೂ ಎಲ್ಲರಿಗೂ ಉಸಿರು ಕಟ್ಟುತ್ತದೆ. ಬುರುಡೆಯಲ್ಲೂ ಮೊದಲು ದ್ರವ ಬೆನ್ನುಹುರಿಯ ಕಡೆಗೆ ಇಳಿದು ಜಾಗ ಬಿಡುತ್ತದೆ, ಅಭಿಧಮನಿಗಳ ರಕ್ತ ಹಿಂಡಿಹೋಗುತ್ತದೆ. ಅಷ್ಟರವರೆಗೆ ರೋಗಿ ಮಾತಾಡುತ್ತಾನೆ, ಇಡ್ಲಿ ತಿನ್ನುತ್ತಾನೆ. ಬಿಡುವ ಜಾಗ ಮುಗಿದ ಮೇಲೆ ಒಂದೆರಡು ಚಮಚದಷ್ಟು ಊತ ಹೆಚ್ಚಿದರೂ ಒತ್ತಡ ಒಮ್ಮೆಲೇ ಏರುತ್ತದೆ. ಒತ್ತಡ ಏರಿದರೆ ಹೃದಯ ಕಳಿಸುವ ಹೊಸ ರಕ್ತ ಒಳಬರಲು ಕಷ್ಟ. ರಕ್ತವಿಲ್ಲದೆ ಇನ್ನಷ್ಟು ಕೋಶಗಳು ಸಾಯುತ್ತವೆ, ಇನ್ನಷ್ಟು ಊತ.

'ಮೊದಲ ದಿನ ಮಾತಾಡ್ತಿದ್ದೋರು ಮೂರನೇ ದಿನ ಯಾಕೆ ಮಂಕಾಗ್ತಾರೆ?' ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಗೋಡೆ ಸೋರುತ್ತಲೇ ಇತ್ತು, ಪೆಟ್ಟಿಗೆ ಸಹಿಸುತ್ತಲೇ ಇತ್ತು. ಮೂರನೇ ದಿನ ಸಹಿಸುವ ಶಕ್ತಿ ಮುಗಿಯಿತು. ಎಲ್ಲರಲ್ಲೂ ಹೀಗೆಯೇ ಆಗಬೇಕೆಂದಿಲ್ಲ. ಕೆಲವರಲ್ಲಿ ಒಡೆದ ನಾಳದ ರಕ್ತ ಬುರುಡೆಯಡಿ ಹೆಪ್ಪುಗಟ್ಟಿ ಕೆಲವೇ ಗಂಟೆಗಳಲ್ಲಿ ಇದೇ ಪರಿಸ್ಥಿತಿ ತರುತ್ತದೆ. ನೋಡುವವರಿಗೆ ಎರಡೂ ಒಂದೇ: ಎದ್ದು ಕೂತಿದ್ದವರು ಮತ್ತೆ ಮಲಗಿಬಿಡುತ್ತಾರೆ.

ಬುರುಡೆಯ ಒಂದು ತುಂಡನ್ನು ತೆಗೆಯುವುದು ಏಕೆಂದು ಈಗ ತಿಳಿಯಿತಲ್ಲ. ಬಸ್ಸಿನ ಬಾಗಿಲು ತೆರೆಯುವುದಷ್ಟೆ. ಊತ ಹೊರಗೆ ಉಬ್ಬಲು ಜಾಗ ಸಿಗುತ್ತದೆ, ಒತ್ತಡ ಇಳಿಯುತ್ತದೆ. ತೆಗೆದ ಮೂಳೆಯನ್ನು ಹಲವು ಕಡೆ ರೋಗಿಯ ಹೊಟ್ಟೆಯ ಚರ್ಮದಡಿಯಲ್ಲೇ ಜೋಪಾನವಾಗಿ ಇಟ್ಟು, ತಿಂಗಳುಗಳ ನಂತರ ಮತ್ತೆ ಜೋಡಿಸುತ್ತಾರೆ. ಅದಕ್ಕೆ ಮೊದಲಿನ ಉಪಾಯಗಳೂ ಇವೆ. ತಲೆಯ ಕಡೆಯ ಹಾಸಿಗೆಯನ್ನು ಎತ್ತರಿಸುವುದು, ಆಮ್ಲಜನಕ ಮತ್ತು ರಕ್ತದೊತ್ತಡ ಬೀಳದಂತೆ ಕಾಯುವುದು, ಮ್ಯಾನಿಟಾಲ್ ಎಂಬ ಸಕ್ಕರೆ ಜಾತಿಯ ದ್ರಾವಣವನ್ನೋ ಗಾಢ ಉಪ್ಪುನೀರನ್ನೋ ರಕ್ತಕ್ಕೆ ಕೊಡುವುದು. ಉಪ್ಪು ಸವರಿದ ಸೌತೆಕಾಯಿ ನೀರು ಬಿಡುವಂತೆ ಮಿದುಳು ನೀರು ಬಿಡುತ್ತದೆ. ಇದರಲ್ಲೊಂದು ಸ್ವಾರಸ್ಯ: ಮ್ಯಾನಿಟಾಲ್ ನೀರು ಎಳೆಯುವುದು ಮುಖ್ಯವಾಗಿ ಗೋಡೆ ಗಟ್ಟಿಯಿರುವ ಭಾಗದಿಂದ. ಗೋಡೆ ಒಡೆದ ಕಡೆ ಅದೂ ಹೊರಸೋರಬಹುದು.

ಇಲ್ಲಿ ಮಕ್ಕಳಿಗೆ ತಪ್ಪದೆ ಹೇಳುವ ಒಂದು ಕಥೆಯಿದೆ. ಮಿದುಳಿನ ಗಂಟಿನ ಸುತ್ತ ಬರುವ ಊತವನ್ನು ಸ್ಟೀರಾಯ್ಡ್ ಔಷಧ ಚೆನ್ನಾಗಿ ಇಳಿಸುತ್ತದೆ. ಹಾಗಾದರೆ ಪೆಟ್ಟಿನ ಊತಕ್ಕೂ ಕೊಡಬಹುದಲ್ಲ ಎಂದು ದಶಕಗಳ ಕಾಲ ಜಗತ್ತಿನ ಅನೇಕ ಕಡೆ ಕೊಟ್ಟರು. ತರ್ಕದಲ್ಲಿ ತಪ್ಪೇನೂ ಕಾಣುತ್ತಿರಲಿಲ್ಲ. ಕೊನೆಗೆ 'ಕ್ರ್ಯಾಶ್' ಎಂಬ ಹೆಸರಿನಲ್ಲಿ 49 ದೇಶಗಳ 10,008 ರೋಗಿಗಳ ಮೇಲೆ ಪರೀಕ್ಷೆ ನಡೆಯಿತು. ಅರ್ಧದಷ್ಟು ಜನಕ್ಕೆ ಸ್ಟೀರಾಯ್ಡ್, ಉಳಿದರ್ಧಕ್ಕೆ ಔಷಧವಿಲ್ಲದ ದ್ರಾವಣ. ಫಲಿತಾಂಶ 2004ರಲ್ಲಿ ಬಂತು. ಎರಡು ವಾರದೊಳಗೆ ಸತ್ತವರು ಸ್ಟೀರಾಯ್ಡ್ ಪಡೆದವರಲ್ಲಿ ಶೇಕಡ 21.1, ಪಡೆಯದವರಲ್ಲಿ ಶೇಕಡ 17.9. ಔಷಧವೆಂದು ಕೊಟ್ಟದ್ದೇ ಜೀವ ತೆಗೆಯುತ್ತಿತ್ತು. ಒಳ್ಳೆಯ ಮನಸ್ಸು, ಒಳ್ಳೆಯ ತರ್ಕ ಎರಡೂ ಇದ್ದರೂ ಸಾಲದು, ಅಳೆದು ನೋಡಬೇಕು. 'ಮಾತಾಡ್ತಿದ್ದಾರಲ್ಲ, ಭಯ ಇಲ್ಲ' ಎಂಬುದು ಕೂಡ ಅಂಥದೇ ಒಂದು ತರ್ಕ.

ಒಡೆದ ಗೋಡೆಯನ್ನು ನೇರವಾಗಿ ಹೊಲಿಯುವ ಔಷಧ ಇನ್ನೂ ಬಳಕೆಗೆ ಬಂದಿಲ್ಲ. ಹೆಚ್ಚಿನವರಲ್ಲಿ ಅದು ದಿನಗಳು, ವಾರಗಳಲ್ಲಿ ತಾನಾಗಿ ಕೂಡಿಕೊಳ್ಳುತ್ತದೆ. ಕೆಲವರಲ್ಲಿ ಮಾತ್ರ ವರ್ಷಗಳ ನಂತರವೂ ಅಲ್ಲಲ್ಲಿ ಜಿನುಗುತ್ತಿರುವುದು ಕಂಡಿದೆ. ಹೀಗೆ ಸೋರಿದ ಆಲ್ಬುಮಿನ್ ಮಿದುಳಿನ ನಕ್ಷತ್ರಕೋಶಗಳನ್ನು ಕೆರಳಿಸಿ, ನರಕೋಶಗಳು ಹದತಪ್ಪಿ ಮಿಡಿಯುವಂತೆ ಮಾಡುತ್ತದೆ ಎಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ತಲೆಗೆ ಪೆಟ್ಟಾದ ಕೆಲವರಿಗೆ ತಿಂಗಳುಗಳ ನಂತರ ಮೂರ್ಛೆರೋಗ ಕಾಣಿಸಿಕೊಳ್ಳಲು ಇದೂ ಒಂದು ಕಾರಣವಿರಬಹುದು.

ಇನ್ನೊಂದು ಮಾತು. ಗಾಯವಾದಾಗ ಸಾಗಾಟ ಒಂದೇ ದಿಕ್ಕಿನದಲ್ಲ. ಮಿದುಳಿನೊಳಗೇ ಇರಬೇಕಾದ ಪ್ರೋಟೀನುಗಳೂ ರಕ್ತಕ್ಕೆ ಸೇರುತ್ತವೆ. ಅಂಥ ಎರಡು ಪ್ರೋಟೀನುಗಳನ್ನು ಅಳೆಯುವ ರಕ್ತಪರೀಕ್ಷೆಗೆ ಅಮೆರಿಕದಲ್ಲಿ 2018ರಲ್ಲಿ ಅನುಮತಿ ಸಿಕ್ಕಿತು. ಸಣ್ಣ ಪೆಟ್ಟು ಬಿದ್ದವರಲ್ಲಿ ಯಾರಿಗೆ ಸ್ಕ್ಯಾನ್ ಬೇಕು, ಯಾರಿಗೆ ಬೇಡ ಎಂದು ನಿರ್ಧರಿಸಲು ಅದು ನೆರವಾಗುತ್ತದೆ. ಸ್ಕ್ಯಾನ್ ಯಂತ್ರ ದೂರವಿರುವ ನಮ್ಮ ಹಳ್ಳಿಗಳಿಗೆ ಇಂಥದು ಕಡಿಮೆ ಬೆಲೆಗೆ ಬಂದರೆ ಎಷ್ಟು ಅನುಕೂಲ!

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಎರಡು. ಮೊದಲನೆಯದು, ಮೊದಲ ಗಾಯವೇ ಆಗದಂತೆ ನೋಡಿಕೊಳ್ಳುವುದು. ಬೈಕ್ ಸವಾರರಲ್ಲಿ ಹೆಲ್ಮೆಟ್ ತಲೆಗಾಯದ ಸಂಭವವನ್ನು ಶೇಕಡ 69ರಷ್ಟು, ಸಾವಿನ ಸಂಭವವನ್ನು ಶೇಕಡ 42ರಷ್ಟು ತಗ್ಗಿಸುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದ್ದಾರೆ. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 2016ರ ಜನವರಿಯಲ್ಲಿ. ಆದರೂ ಶಿವಮೊಗ್ಗ-ಭದ್ರಾವತಿ ರಸ್ತೆಯಲ್ಲಿ ಅರ್ಧ ಗಂಟೆ ನಿಂತು ನೋಡಿ. ಎಷ್ಟೋ ಹೆಲ್ಮೆಟ್‌ಗಳು ತಲೆಯ ಬದಲು ಪೆಟ್ರೋಲ್ ಟ್ಯಾಂಕನ್ನು ಕಾಪಾಡುತ್ತಿರುತ್ತವೆ. ಪೊಲೀಸರಿಗೆ ತೋರಿಸಲೆಂದು ಟೋಪಿಯಂಥದನ್ನು ಇಟ್ಟು, ಪಟ್ಟಿ ಬಿಗಿಯದೆ ಹೋಗುವವರು ಇನ್ನೆಷ್ಟೋ. ಅಡಕೆ ಕೊಯ್ಲಿಗೂ ಈಚೆಗೆ ನೆಲದಲ್ಲೇ ನಿಂತು ಕೊನೆ ಇಳಿಸುವ ಹಗುರವಾದ ಕಾರ್ಬನ್ ಫೈಬರ್ ದೋಟಿಗಳು ಬಂದಿವೆ. ತೋಟದ ಯಜಮಾನರು ಅದರ ಬೆಲೆಯನ್ನು ಒಂದು ತಲೆಬುರುಡೆಯ ಶಸ್ತ್ರಚಿಕಿತ್ಸೆಯ ಬೆಲೆಯೊಂದಿಗೆ ಹೋಲಿಸಿ ನೋಡಬೇಕು.

ಎರಡನೆಯದು, ಎರಡನೇ ಗಾಯಕ್ಕಾಗಿ ಕಣ್ಣಿಟ್ಟು ಕಾಯುವುದು. ತಲೆಗೆ ಬಲವಾದ ಪೆಟ್ಟು ಬಿದ್ದು ಕ್ಷಣಕಾಲ ಎಚ್ಚರ ತಪ್ಪಿದ್ದರೂ ವೈದ್ಯರಿಗೆ ತೋರಿಸಲೇಬೇಕು. ಅವರು 'ಇರಲಿ' ಎಂದಷ್ಟು ದಿನ ಇರಬೇಕು. ಮನೆಗೆ ಕಳಿಸಿದರೂ ಕೆಲವು ದಿನ ಒಬ್ಬರು ಜೊತೆಯಲ್ಲಿದ್ದು ನೋಡಬೇಕು. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಮಾತು ತೊದಲುವುದು, ಗುರುತು ತಪ್ಪುವುದು, ಒಂದು ಕೈ ಅಥವಾ ಕಾಲಿನ ನಿಶ್ಶಕ್ತಿ, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗುವುದು, ಫಿಟ್ಸ್, ಮೂಗು ಅಥವಾ ಕಿವಿಯಿಂದ ತಿಳಿನೀರು ಅಥವಾ ರಕ್ತ ಬರುವುದು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಫೋನ್ ಮಾಡಿ. ವಯಸ್ಸಾದವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಇನ್ನೂ ಎಚ್ಚರದಿಂದಿರಬೇಕು. ಹಾಗೆಯೇ, ಬಿದ್ದವರು ಕುಡಿದಿದ್ದರೆ 'ಅಮಲು, ಮಲಗಲಿ ಬಿಡಿ' ಎನ್ನುವುದು ತೀರಾ ಅಪಾಯದ ಮಾತು. ಮಂಪರು ಹೆಂಡದ್ದೋ ಊತದ್ದೋ ಎಂದು ಹೊರಗಿನಿಂದ ಯಾರಿಗೂ ಹೇಳಲು ಬರುವುದಿಲ್ಲ.

ಆ ವಾರ ತರಗತಿಯಲ್ಲಿ ಎರಡು ಹಾಳೆ, ಒಂದು ಬ್ಲೇಡು, ಒಂದು ಶಾಯಿ ಬಾಟಲಿ ಇಟ್ಟುಕೊಂಡು ಇದನ್ನೆಲ್ಲ ತೋರಿಸಿದೆ. ಹುಡುಗ ಕೆರೆದ ಹಾಳೆಯ ಮೇಲೆ ಹರಡಿದ ಶಾಯಿಯನ್ನು ಬಹಳ ಹೊತ್ತು ನೋಡಿದ. 'ಹಾಗಾದ್ರೆ ಆಸ್ಪತ್ರೇಲೇ ಇದ್ದಿದ್ರೆ ಬೇಗ ಗೊತ್ತಾಗ್ತಿತ್ತು ಅಲ್ವಾ ಸಾರ್?' ಎಂದ. 'ಗೊತ್ತಾಗ್ತಿತ್ತಪ್ಪ. ಮನೆಗೆ ಕರ್ಕೊಂಡು ಬನ್ನಿ ಅಂದಿದ್ದು ನಾನು. ಅದು ನನ್ನ ತಪ್ಪು' ಎಂದೆ. ಮೂವತ್ತು ವರ್ಷ ಪಾಠ ಹೇಳಿದ್ದೇನೆ. ಅದಕ್ಕಿಂತ ಕಷ್ಟದ ಒಂದು ವಾಕ್ಯವನ್ನು ತರಗತಿಯಲ್ಲಿ ಹೇಳಿದ ನೆನಪಿಲ್ಲ.

ಅವನ ತಂದೆ ಈಗ ಮರ ಹತ್ತುವುದಿಲ್ಲ. ಜಗಲಿಯಲ್ಲಿ ಕುಳಿತು ಅಡಕೆ ಸುಲಿಯುತ್ತಾರೆ. ಫಿಟ್ಸ್ ಬಾರದಿರಲೆಂದು ಬೆಳಿಗ್ಗೆ ಸಂಜೆ ಮಾತ್ರೆ ನುಂಗುತ್ತಾರೆ. ಕೆಲವೊಮ್ಮೆ ಮಾತಿನ ನಡುವೆ ಪದ ಸಿಗದೆ ತಡೆಯುತ್ತಾರೆ, ಮಗ ಪಕ್ಕದಿಂದ ಹೇಳಿಕೊಡುತ್ತಾನೆ. ಮೊನ್ನೆ ಹೋದಾಗ ಆ ತಾಯಿ ಕಾಫಿ ಕೊಟ್ಟು, 'ನಮ್ಮ ಅಣ್ಣನ ಮಗ ಗಾಡಿಯಿಂದ ಬಿದ್ದಿದ್ದಾನೆ ಮೇಷ್ಟ್ರೇ, ಚೆನ್ನಾಗೇ ಮಾತಾಡ್ತಿದ್ದಾನೆ. ಡಾಕ್ಟ್ರು ಮೂರು ದಿನ ಇರಿ ಅಂದಿದ್ದಾರೆ, ಏನು ಮಾಡೋಣ?' ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಹುಡುಗ ಒಳಗಿನಿಂದ ಕೂಗಿ ಹೇಳಿದ: 'ಮೂರು ದಿನ ಅಂದ್ರೆ ಮೂರು ದಿನ ಇರ್ಲಿ ಅಮ್ಮ!'